ಚಳಿಗಾಲಕ್ಕೊಂದು ಬೆಚ್ಚಗಿನ ದ್ವೀಪ: ಯಾವುದಕ್ಕೆ ಹೋಗೋಣ?

ಮಾಗಿಯ ಚಳಿ ಶುರುವಾಯಿತೆಂದರೆ ಬೆಳಗಿನ ತಣ್ಣೀರು ಮುಟ್ಟಲು ಕೈ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ನಾಲ್ಕು ದಿನ ಬೆಚ್ಚಗಿನ ಮರಳಿನ ಮೇಲೆ ಕಾಲು ಚಾಚಿ ಕೂತು ಬರೋಣ ಅಂತ ನಿಮಗೂ ಅನ್ನಿಸುವುದಿಲ್ಲವೇ? ಅದಕ್ಕೆ ಪರದೇಶಕ್ಕೇ ಹೋಗಬೇಕೆಂದೇನೂ ಇಲ್ಲ. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣ ನೋಡಿ! ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ಹಾಗೆ ಇದನ್ನೂ ಬಿಡಿಸಿ ನೋಡಿಯೇ ಆರಿಸಬೇಕು.

ಕೈಗೆಟಕುವಂಥದು ನಮ್ಮ ಉಡುಪಿಯ ಸೇಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಬರಬಹುದು. ಜೋಡಿಸಿಟ್ಟ ಕಂಬಗಳಂಥ ಅಲ್ಲಿನ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾರಸ ಆರಿ ಆದವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನೆಂದು ಪ್ರತೀತಿ. ಆದರೆ ರಾತ್ರಿ ತಂಗುವ ಹಾಗಿಲ್ಲ. ಪುಟ್ಟ ಮಕ್ಕಳಿದ್ದು ಖರ್ಚು ಹಿಡಿತದಲ್ಲಿರಬೇಕೆನ್ನುವವರಿಗೆ ಇದೇ ಸರಿ.

ಎರಡನೆಯದು ಲಕ್ಷದ್ವೀಪ. ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂದರೆ ಆಶ್ಚರ್ಯಪಡುತ್ತೀರಿ! ಸುತ್ತಲಿನ ಹವಳದ ದಿಬ್ಬ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತ. ಆದರೆ ಮೊದಲೇ ಪ್ರವೇಶ ಪರವಾನಗಿ ಪಡೆಯಬೇಕು. ಕೊಚ್ಚಿಯಿಂದ ಹಡಗಾದರೆ ರಾತ್ರಿಯಿಡೀ ಪ್ರಯಾಣ. ಸಮುದ್ರ ಪ್ರಯಾಣದಲ್ಲಿ ವಾಂತಿಯಾಗುವವರು ಯೋಚಿಸಿ.

ಮೂರನೆಯದು ಅಂಡಮಾನ್. ನಾವು ಆರಿಸಿದ್ದು ಇದನ್ನೇ. ಚೆನ್ನೈಯಿಂದ ವಿಮಾನದಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಎಂದು ಹೆಸರು. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಟಿಕೆಟ್ ಮಾಡಿಸುವಾಗ ಹಳೆಯದು, ಹೊಸದು ಎರಡೂ ಹೆಸರು ಗೊತ್ತಿರಲಿ. ಶಹೀದ್ ದ್ವೀಪದಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರು ತರಕಾರಿ ಬೆಳೆಯುತ್ತಾರೆ; ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ.

ಹೋಗುವ ತಿಂಗಳು ಬಹಳ ಮುಖ್ಯ. ಡಿಸೆಂಬರ್‌ನಲ್ಲೂ ಅಲ್ಲಿ ಹಿಂಗಾರು ಮಳೆ, ಚಂಡಮಾರುತದ ಭಯ ಪೂರ್ತಿ ಹೋಗಿರುವುದಿಲ್ಲ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಸಮುದ್ರ ಕೆರಳಿದರೆ ದ್ವೀಪಗಳ ನಡುವಿನ ಹಡಗು ನಿಂತುಬಿಡುತ್ತದೆ. ಆದ್ದರಿಂದ ವಿಮಾನದ ಹಿಂದಿನ ದಿನವೇ ಶ್ರೀ ವಿಜಯ ಪುರಂಗೆ ಮರಳಿರಿ. ಆ ದಿನ ಸೆಲ್ಯುಲರ್ ಜೈಲು ನೋಡಬಹುದು. ಏಳು ಸಾಲು ಕಟ್ಟಡಗಳಲ್ಲಿ ಮೂರೇ ಉಳಿದಿವೆ. ಆ ಒಂಟಿ ಕೋಣೆಯೊಳಗೆ ಒಂದು ನಿಮಿಷ ನಿಂತರೆ ಸಾಕು, ಮಕ್ಕಳು ಕೂಡ ಮಾತು ನಿಲ್ಲಿಸುತ್ತಾರೆ.

ಇನ್ನೊಂದು ಗುಟ್ಟು: ಅಲ್ಲಿ ಚಳಿಗಾಲದಲ್ಲಿ ಸಂಜೆ ಐದು, ಐದೂವರೆಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮಲಗಿ ಎದ್ದು ಹೋಗೋಣವೆಂದರೆ ಕತ್ತಲಾಯಿತೆಂದೇ ತಿಳಿಯಿರಿ. ಕೆಲವು ಕಡೆ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕ ಓದಿ, ಕಾವಲಿನವರನ್ನು ಕೇಳಿಯೇ ನೀರಿಗಿಳಿಯಿರಿ. ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ.

ಕಟ್ಟಿಕೊಳ್ಳಲು ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಇರಲಿ. ಉಪ್ಪಿನಕಾಯಿಯನ್ನು ದೊಡ್ಡ ಪೆಟ್ಟಿಗೆಯಲ್ಲಿಡಿ. ಒಣಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆಂದು ವಿಮಾನದಲ್ಲಿ ಒಯ್ಯಲು ನಿರ್ಬಂಧವಿದೆ. ಸೀರೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಪಾಯ. ನೀರಿಗಿಳಿಯಲು ಹಳೆಯ ಚೂಡಿದಾರ ಒಯ್ಯಿರಿ.

ಕೊನೆಗೆ ಒಂದು ಮಾತು, ಸೋದರಿಯರೇ. ಸ್ವರಾಜ್ ದ್ವೀಪದ ರಾಧಾನಗರ ಕಡಲತೀರವನ್ನು 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮವೆಂದು ಹೊಗಳಿತ್ತು. ಅಷ್ಟು ಚೆಂದದ ಜಾಗದಲ್ಲೂ ನಾನು ಕಂಡದ್ದೇನು? ಗಂಡಸರು, ಮಕ್ಕಳು ನೀರಿನಲ್ಲಿ ಕುಣಿಯುತ್ತಿದ್ದರೆ, ಹೆಂಗಸರು ಮರದ ನೆರಳಲ್ಲಿ ಚಪ್ಪಲಿ, ಟವೆಲು, ತಿಂಡಿಯ ಡಬ್ಬಿ ಕಾಯುತ್ತ ಕೂತಿದ್ದರು. ಮನೆಯಲ್ಲಿ ಕಾಯುವುದು ಸಾಲದೆಂದು ಸಾವಿರ ಮೈಲಿ ದೂರ ಬಂದು ಇಲ್ಲೂ ಕಾಯಬೇಕೇ? “ಈಗ ಅರ್ಧ ಗಂಟೆ ಚೀಲ ನೋಡಿಕೊಳ್ಳಿ, ನಾನು ಹೋಗಿಬರ್ತೀನಿ” ಎಂದೆ ನಮ್ಮವರಿಗೆ. ಅವರು ತುಟಿಪಿಟಕ್ಕೆನ್ನದೆ ಕೂತರು! ನೀರು ಉಗುರುಬೆಚ್ಚಗೆ, ಎಣ್ಣೆಸ್ನಾನಕ್ಕೆ ಹದ ಮಾಡಿಟ್ಟ ಹಾಗಿತ್ತು. ಮೊಣಕಾಲವರೆಗೆ ಅಂದುಕೊಂಡವಳು ಸೊಂಟದವರೆಗೂ ಹೋದೆ.

ಹಾಗಾಗಿ ದ್ವೀಪ ಯಾವುದೇ ಆಗಲಿ, ಹೊರಡುವ ಮುಂಚೆಯೇ ಚೀಲ ಕಾಯುವ ಸರದಿ ಯಾರದು, ಯಾವಾಗ ಎಂದು ಮನೆಯಲ್ಲೇ ನಿಶ್ಚಯಿಸಿಕೊಳ್ಳಿ. ರಜೆ ಎಲ್ಲರದೂ ಆಗಿರಲಿ.