ಸಾಂತಾ ಕತರೀನ ದ್ವೀಪದಲ್ಲಿ ಒಂದು ತಿಂಗಳು

ಪ್ರವಾಸ ಮುಗಿಸಿ ಬಂದವರನ್ನು "ಏನು ತಂದಿರಿ?" ಎಂದು ಕೇಳುವುದು ನಮ್ಮ ಜನರ ವಾಡಿಕೆ. ದಕ್ಷಿಣ ಅಮೆರಿಕದಲ್ಲಿ ಮೂರು ತಿಂಗಳಿಗೂ ಮಿಕ್ಕಿ ಮೋಟಾರ್ ಸೈಕಲ್ಲಿನ ಮೇಲೆ ಅಲೆದು, 2023ರ ಜೂನ್ ಕೊನೆಗೆ ಮುಂಬಯಿಗೆ ಮರಳಿದ ನಮ್ಮನ್ನೂ ಸಂಘದ ಗೆಳೆಯರು ಹಾಗೆಯೇ ಕೇಳಿದರು. ತೋರಿಸಲು ನಮ್ಮಲ್ಲಿದ್ದುದು ಒಂದು ಗೇಣಗಲದ ಲೇಸಿನ ತುಂಡು ಮತ್ತು ಅಂಗೈಯಲ್ಲಿ ಹಗ್ಗ ಉಜ್ಜಿ ಎದ್ದಿದ್ದ ಬೊಬ್ಬೆಯ ಗುರುತು. ಲೇಸನ್ನು ಎಲ್ಲರೂ ಮೆಚ್ಚಿದರು. ಬೊಬ್ಬೆಯ ಕಥೆಯನ್ನು ಕೇಳಿದವರು ಕಡಮೆ. ಅದನ್ನಿಲ್ಲಿ ಹೇಳುತ್ತೇವೆ.

ಐವತ್ತು ದಾಟಿದ ಗಂಡ ಹೆಂಡಿರು ಮೋಟಾರ್ ಸೈಕಲ್ ಹತ್ತಿ ದೇಶಾಂತರ ಹೋಗುವುದೆಂದರೆ ಬಂಧುಗಳು ನಗದೆ ಇರುವರೇ? ನಕ್ಕವರನ್ನು ನಗಲು ಬಿಟ್ಟು ನಾವು ಗಾಡಿಯನ್ನು ಹಡಗಿನಲ್ಲಿ ಚಿಲಿ ದೇಶದ ವಾಲ್ಪರೈಸೊ ಬಂದರಿಗೆ ಕಳಿಸಿ, ಹಿಂದೆಯೇ ವಿಮಾನದಲ್ಲಿ ಹೋದೆವು. ಹಾವಿನಂತೆ ಸುತ್ತಿ ಏರುವ ದಾರಿಯಲ್ಲಿ ಆಂಡೀಸ್ ಪರ್ವತವನ್ನು ದಾಟಿದೆವು. ಅರ್ಜೆಂಟೀನದ ಬಯಲು ಎಷ್ಟು ಹೋದರೂ ಮುಗಿಯದು. ಬ್ಯೂನಸ್ ಐರಿಸಿನಲ್ಲಿ ದೋಣಿ ಹತ್ತಿ ಉರುಗ್ವೆಗೆ ಇಳಿದು, ಅಲ್ಲಿಂದ ಬ್ರೆಜಿಲ್ಲಿನ ಗಡಿಯ ಶುಯಿ ಎಂಬ ಊರನ್ನು ಸೇರಿದೆವು. ಅಲ್ಲಿ ಬೀದಿಯ ಒಂದು ಬದಿ ಉರುಗ್ವೆ, ಇನ್ನೊಂದು ಬದಿ ಬ್ರೆಜಿಲ್. ಒಂದು ಕಡೆ ಸ್ಪ್ಯಾನಿಷ್, ಇನ್ನೊಂದು ಕಡೆ ಪೋರ್ತುಗೀಸ್. ನಮ್ಮ ಬೆಳಗಾವಿ, ಕಾಸರಗೋಡುಗಳನ್ನು ಕಂಡವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ಮೇ 10ರ ಸಂಜೆ ಸಾಂತಾ ಕತರೀನ ದ್ವೀಪಕ್ಕೆ ಬಂದೆವು. ಉತ್ತರ ದಕ್ಷಿಣವಾಗಿ ಸುಮಾರು 54 ಕಿಲೋಮೀಟರ್ ಉದ್ದದ ಈ ದ್ವೀಪದಲ್ಲಿಯೇ ಅದೇ ಹೆಸರಿನ ರಾಜ್ಯದ ರಾಜಧಾನಿ ಫ್ಲೋರಿಯಾನೊಪೊಲಿಸ್ ಇದೆ. ದ್ವೀಪವನ್ನು ದಡಕ್ಕೆ ಕಟ್ಟಿದ ಮೊದಲ ಸೇತುವೆ 1926ರಲ್ಲಿ ತೆರೆದ ಹರ್ಸಿಲಿಯೊ ಲೂಜ್ ಎಂಬ ಉಕ್ಕಿನ ತೂಗುಸೇತುವೆ. ಅಪಾಯವೆಂದು 1982ರಲ್ಲಿ ಅದನ್ನು ಮುಚ್ಚಿದರು; ದುರಸ್ತಿ ಮುಗಿದು ಅದು ಮತ್ತೆ ತೆರೆದುದು 2019ರ ಡಿಸೆಂಬರ್ 30ರಂದು. ನಾವು ಪಕ್ಕದ ಹೊಸ ಸೇತುವೆಯ ಮೇಲೆ ಬಂದಾಗ ಹಳೆಯದರ ದೀಪಗಳು ನೀರಿನಲ್ಲಿ ನಡುಗುತ್ತಿದ್ದವು. ನಮ್ಮ ಗಾಡಿಯೂ ನಡುಗುತ್ತಿತ್ತು. ದ್ವೀಪದ ಪೂರ್ವ ತೀರದ ಕಾಂಪೆಶಿ ಎಂಬ ಊರನ್ನು ಮುಟ್ಟುವ ಹೊತ್ತಿಗೆ ಕ್ಲಚ್ ಫಲಕಗಳು ಸುಟ್ಟು, ಗಾಡಿ ನಿಂತೇ ಹೋಯಿತು.

ಮೂರು ದಿನ ಉಳಿಯಲೆಂದು ಹಿಡಿದಿದ್ದ ಕೋಣೆ ಹೀಗೆ ಒಂದು ತಿಂಗಳ ಮನೆಯಾಯಿತು. ನಮ್ಮ ಗಾಡಿಗೆ ಒಪ್ಪುವ ಬಿಡಿಭಾಗ ಆ ಊರಲ್ಲಿ ಇರಲಿಲ್ಲ. ಮುಂಬಯಿಯಿಂದ ಬರಬೇಕು, ಬಂದುದು ಸುಂಕದ ಕಟ್ಟೆ ದಾಟಬೇಕು. ಇತ್ತ ಕೈಯಲ್ಲಿದ್ದ ಹಣ ಕರಗುತ್ತಿತ್ತು. ಅತ್ತ ಮುಂಬಯಿಯಲ್ಲಿ ಎಂಬತ್ತರ ಹತ್ತಿರದ ಮಾವನವರು ನಾದಿನಿಯ ಮನೆಯಲ್ಲಿದ್ದರು. ನಾವು ಹೊರಟ ದಿನ ಅವರು ಬೇಡವೆನ್ನಲೂ ಇಲ್ಲ, ಹೋಗಿಬನ್ನಿ ಎನ್ನಲೂ ಇಲ್ಲ. ಗಾಡಿಯನ್ನು ಸಿಕ್ಕ ಬೆಲೆಗೆ ಕೊಟ್ಟು ವಿಮಾನ ಹತ್ತುವುದೋ, ಕಾಯುವುದೋ ಎಂದು ನಮ್ಮಿಬ್ಬರಲ್ಲಿ ಎರಡು ರಾತ್ರಿ ಮಾತಿಗೆ ಮಾತು ಬೆಳೆಯಿತು. ಮೂರನೆಯ ಬೆಳಗ್ಗೆ ಮನೆಯೊಡತಿ ಬಿಸಿ ಕಾಫಿಯನ್ನೂ ರೊಟ್ಟಿಯನ್ನೂ ತಂದಿಟ್ಟು "ಪಾಂವ್" ಎಂದರು. ಮುಂಬಯಿಯಲ್ಲಿ ದಿನಬೆಳಗಾದರೆ ಕೇಳುವ ಪಾವು ಅದು! ಕೋಣೆಯ ಬೀಗದ ಕೈಯನ್ನು ಎತ್ತಿ ತೋರಿಸಿದರೆ "ಶಾವಿ" ಎಂದರು, ನಮ್ಮ ಚಾವಿ. ಗೇರು ಹಣ್ಣಿಗೆ ಅವರು ಹೇಳುವ ಹೆಸರು "ಕಾಜು". ಗೇರು ಮರ ಬ್ರೆಜಿಲ್ಲಿನ ಮೂಲನಿವಾಸಿಗಳದು, ಹೆಸರೂ ಅವರದೇ, ಎರಡನ್ನೂ ನಮ್ಮ ಪಶ್ಚಿಮ ಕರಾವಳಿಗೆ ಹೊತ್ತು ತಂದವರು ಪೋರ್ತುಗೀಸರು. ಇಷ್ಟೆಲ್ಲ ನಮ್ಮದೇ ಮಾತು ಕೇಳಿದ ಮೇಲೆ ಊರು ಬಿಡಲು ಮನಸ್ಸು ಬರಲಿಲ್ಲ. ಕಾಯುವುದೆಂದು ತೀರ್ಮಾನವಾಯಿತು.

ಮನೆ ಮರಳಿಗೆ ತಾಗಿಕೊಂಡೇ ಇತ್ತು. ಬಾಗಿಲು ತೆರೆದರೆ ಮರಳದಿಬ್ಬ, ಅದರ ಮೇಲೆ ಕುರುಚಲು ಬಳ್ಳಿ, ಆಚೆಗೆ ಅಟ್ಲಾಂಟಿಕ್ ಸಾಗರ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಎದ್ದು ಬರುತ್ತಾನೆ. ಮೇ, ಜೂನ್ ಅಲ್ಲಿಗೆ ಚಳಿಗಾಲ. ಬೆಳಗಿನ ಏಳು ಗಂಟೆಗೆ ಉದಯ, ಸಂಜೆ ಐದೂವರೆಗೆ ಕತ್ತಲೆ. ಬೇಸಗೆಯ ಜನಜಾತ್ರೆ ಕರಗಿ, ತೀರ ಊರವರಿಗೇ ಮರಳಿತ್ತು. ಎದುರಿಗೆ ಕಾಂಪೆಶಿ ಎಂಬ ಹೆಸರಿನದೇ ಒಂದು ಪುಟ್ಟ ದ್ವೀಪ. ಅದರ ಬಂಡೆಗಳ ಮೇಲೆ ಪ್ರಾಚೀನರು ಕೊರೆದ ಗೆರೆಚಿತ್ರಗಳಿವೆ. ಊರಿನ ದೊಡ್ಡ ರಸ್ತೆಯ ಹೆಸರು "ಪುಟ್ಟ ರಾಜಕುಮಾರ". ಆ ಹೆಸರಿನ ಪುಸ್ತಕ ಬರೆದ ಫ್ರೆಂಚ್ ವಿಮಾನ ಚಾಲಕ ಸೇಂಟ್ ಎಕ್ಸೂಪೆರಿ, ಅಂಚೆಯ ವಿಮಾನಗಳು ಇಲ್ಲಿನ ಬಯಲಲ್ಲಿ ಇಳಿಯುತ್ತಿದ್ದ ಕಾಲದಲ್ಲಿ ಬಂದು ಹೋಗುತ್ತಿದ್ದನೆಂದೂ, ಆ ಹೆಸರು ನಾಲಿಗೆಗೆ ಹೊರಳದೆ ಬೆಸ್ತರು ಅವನನ್ನು "ಝೆ ಪೆರಿ" ಎಂದು ಕರೆದರೆಂದೂ ಊರವರು ಹೇಳುತ್ತಾರೆ. ನಮ್ಮ ಹೆಸರುಗಳನ್ನೂ ಎರಡೇ ದಿನದಲ್ಲಿ ಹಾಗೆಯೇ ಕತ್ತರಿಸಿ ಸರಿಮಾಡಿಕೊಂಡರು.

ಈ ಜನರ ಪೂರ್ವಿಕರೂ ವಲಸೆ ಬಂದವರೇ. ಅಟ್ಲಾಂಟಿಕ್ ನಡುವಿನ ಅಸೋರ್ಸ್ ದ್ವೀಪಗಳಿಂದ 1748ರಿಂದ 1756ರ ತನಕ ಸುಮಾರು ಆರು ಸಾವಿರ ಮಂದಿಯನ್ನು ಪೋರ್ತುಗಲ್ಲಿನ ಅರಸು ಭೂಮಿ ಕೊಡುವೆನೆಂದು ಹೇಳಿ ದಕ್ಷಿಣ ಬ್ರೆಜಿಲ್ಲಿಗೆ ಕಳಿಸಿದ. ಬಂದವರು ಗೋಧಿ ಬಿತ್ತಿದರು; ಈ ಮಣ್ಣಿಗೆ ಅದು ಹಿಡಿಸಲಿಲ್ಲ. ಆಗ ಮೂಲನಿವಾಸಿಗಳಿಂದ ಮರಗೆಣಸಿನ ಬೇಸಾಯ ಕಲಿತರು, ಕಡಲಿಗೆ ಇಳಿದರು. ಇಂದಿಗೂ ಮೀನಿನ ಸಾರಿಗೆ ಮರಗೆಣಸಿನ ಹಿಟ್ಟು ಕಲಸಿ "ಪಿರಾಂವ್" ಎಂಬ ಮುದ್ದೆಯಂಥ ಪದಾರ್ಥ ಮಾಡುತ್ತಾರೆ. ನುಂಗಿದರೆ ಹೊಟ್ಟೆ ಬೆಚ್ಚಗಾಗುತ್ತದೆ. ತವರಿನಿಂದ ತಂದದ್ದನ್ನೂ ಬಿಟ್ಟಿಲ್ಲ. ಮನೆಯೊಡತಿಯ ಅಕ್ಕ ದಪ್ಪ ದಿಂಬಿನ ಮುಂದೆ ಕುಳಿತು, ದಾರ ಸುತ್ತಿದ ಹತ್ತಾರು ಮರದ ಕಡ್ಡಿಗಳನ್ನು ಟಕಟಕನೆ ಅತ್ತಿತ್ತ ಹಾರಿಸಿ ಲೇಸು ಹೆಣೆಯುತ್ತಿದ್ದರು. ಬಲೆಯಿರುವಲ್ಲಿ ಲೇಸೂ ಉಂಟೆಂಬುದು ಅಲ್ಲಿನ ಗಾದೆ.

ಪಟ್ಟಣದ ಹಳೆಯ ಹೆಸರನ್ನು ಕೇಳಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಅದು "ದೆಸ್ತೆರ್ರು", ತಾಯ್ನೆಲದಿಂದ ಹೊರಗಾಗಿರುವುದು ಎಂದು ಅರ್ಥ. ಕೂಸನ್ನೆತ್ತಿಕೊಂಡು ಪರದೇಶಕ್ಕೆ ಓಡಿದ ಮಾತೆ ಮೇರಿಯ ಹೆಸರು ಅದು. ಒಂದು ಅಂತರ್ಯುದ್ಧದ ತರುವಾಯ, 1894ರಲ್ಲಿ, ಗೆದ್ದ ಅಧ್ಯಕ್ಷ ಫ್ಲೋರಿಯಾನೊ ಪೇಷೊಟೊನ ಹೆಸರನ್ನು ಪಟ್ಟಣಕ್ಕೆ ಇಟ್ಟರು. ಸೋತವರಲ್ಲಿ ಅನೇಕರನ್ನು ಹತ್ತಿರದ ಕೋಟೆಯಲ್ಲಿ ಕೊಂದಿದ್ದರು. ಆದುದರಿಂದ ಆ ಹೆಸರನ್ನು ಒಪ್ಪದವರು ಇಂದಿಗೂ ಇದ್ದಾರೆ. ಊರನ್ನು ಬಿಟ್ಟು ಬಂದವರು ತಮ್ಮ ನೋವನ್ನೇ ಹೊಸ ಊರಿನ ಹೆಸರಾಗಿಸಿಕೊಂಡು ನೂರಾರು ವರ್ಷ ಬಾಳಿದರೆಂಬುದು ನಮ್ಮಂಥವರಿಗೆ ನಾಟುವ ಸಂಗತಿಯಲ್ಲವೇ?

ದಿನವೂ ಬೆಳಗ್ಗೆ ಮರಳದಿಬ್ಬದ ಮೇಲೆ ಒಬ್ಬ ಮುದುಕ ನಿಲ್ಲುತ್ತಿದ್ದ. ಕೂರುತ್ತಿರಲಿಲ್ಲ, ಯಾರೊಡನೆಯೂ ಹರಟುತ್ತಿರಲಿಲ್ಲ. ಕಣ್ಣು ನೀರಿನ ಮೇಲೆ. ಕೆಳಗೆ ಚಪ್ಪರದಡಿ ಉದ್ದನೆಯ ದೋಣಿ, ಅದರೊಳಗೆ ಮಡಿಸಿಟ್ಟ ಬಲೆ. ಗರಪುವು ಎಂಬ ಮರದ ಒಂದೇ ಕಾಂಡವನ್ನು ಕೊರೆದು ಮಾಡಿದ ದೋಣಿ ಅದು. "ಏನಿದು?" ಎಂದು ಕೇಳಿದೆವು. "ತಾಯಿಞ" ಎಂದರು ಮನೆಯೊಡತಿ. ಕಾರವಾರದ ಕಡೆಯ ಕೊಂಕಣಿಗರು ಶೆವಟೊ ಎನ್ನುವ ಮೀನಿನ ಬಳಗ. ಚಳಿ ಬಿದ್ದು ತೆಂಕಣ ಗಾಳಿ ಬೀಸಿತೆಂದರೆ ಈ ಮೀನು ದಕ್ಷಿಣದ ಪಾತುಸ್ ಎಂಬ ದೊಡ್ಡ ಹಿನ್ನೀರಿನಿಂದ ಹೊರಬಿದ್ದು, ಮೊಟ್ಟೆಯಿಡಲು ಗುಂಪುಗುಂಪಾಗಿ ದಡದ ಬದಿಯಲ್ಲೇ ಉತ್ತರಕ್ಕೆ ಸಾಗುತ್ತದೆ. ಮೇ ಒಂದರಿಂದ ಜುಲೈ ಕೊನೆಯ ತನಕ ಊರಿಗೆ ಅದೇ ಸುಗ್ಗಿ. ಕೆಲವು ತೀರಗಳಲ್ಲಿ ಆ ದಿನಗಳಲ್ಲಿ ಅಲೆಯ ಮೇಲೆ ಹಲಗೆಯಾಡುವವರನ್ನೂ ನೀರಿಗೆ ಬಿಡುವುದಿಲ್ಲ, ಮೀನು ಬೆದರುತ್ತದೆ.

ನಮ್ಮ ಮನೆಯವರು ಆ ಬಲೆಯನ್ನು ಮುಟ್ಟಿ ನೋಡಿ, "ಇದು ರಂಪಣಿ!" ಎಂದರು.

ಓದುಗರಲ್ಲಿ ಕರಾವಳಿಯವರಿಗೆ ರಂಪಣಿಯ ಅರಿವಿದ್ದೇ ಇದೆ. ಉಳಿದವರಿಗಾಗಿ ಎರಡು ಮಾತು. ದಡದಲ್ಲಿ ಹಗ್ಗದ ಒಂದು ತುದಿಯನ್ನು ಬಿಟ್ಟು, ದೋಣಿಯಲ್ಲಿ ಬಲೆಯನ್ನು ಇಳಿಸುತ್ತ ಮೀನಿನ ಹಿಂಡನ್ನು ಬಳಸಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುವುದು. ಆಮೇಲೆ ಊರೆಲ್ಲ ಸೇರಿ ಎರಡೂ ಕಡೆಯಿಂದ ಎಳೆಯುವುದು. ಬಲೆ ಒಬ್ಬನದಲ್ಲ, ಫಲವೂ ಒಬ್ಬನದಲ್ಲ. ಕುಮಟೆ, ಹೊನ್ನಾವರಗಳ ನಡುವಿನ ಒಂದು ಹಳ್ಳಿಯಲ್ಲಿ ಮಾವನವರು ಬಾಲ್ಯದಿಂದಲೂ ಹಾಗೆ ಎಳೆದವರು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಬಂಗಡೆಯ ಹಿಂಡು ದಡಕ್ಕೆ ಬರುವ ಮೊದಲೇ ಅದು ಬಾಚಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಚಪ್ಪರದಡಿ ಒಣಗಿದವು. ಮಾವನವರು 1978ರಲ್ಲಿ ಮುಂಬಯಿಗೆ ಬಂದು ಹೋಟೆಲು ಸೇರಿದರು. ಅಂದಿನಿಂದ ಮನೆಯಲ್ಲಿ ಕಡಲಿನ ಮಾತೆತ್ತಿದವರಲ್ಲ. ಚೌಪಾಟಿಗೆ ಮೊಮ್ಮಕ್ಕಳನ್ನು ಕರೆದೊಯ್ದರೂ ಕಡಲಿಗೆ ಬೆನ್ನು ಹಾಕಿ ಕೂರುವರು.

ಮೇ ತಿಂಗಳ ಕೊನೆಯ ವಾರ ಒಂದು ದಿನ ತೆಂಕಣ ಗಾಳಿ ಎದ್ದಿತು. ಮರುಬೆಳಗ್ಗೆ ಒಂಬತ್ತರ ಸುಮಾರಿಗೆ ದಿಬ್ಬದ ಮುದುಕ ಮೈಮೇಲಿನ ಕೋಟನ್ನು ಕಳಚಿ ತಲೆಯ ಮೇಲೆ ಬೀಸತೊಡಗಿದ. ನಾವು ಎಷ್ಟು ದಿಟ್ಟಿಸಿದರೂ ನೀರಿನಲ್ಲಿ ಮೋಡದ ನೆರಳಿನಂಥ ಒಂದು ಕಪ್ಪು ಮಾತ್ರ. ಚಪ್ಪರದಿಂದ ದೋಣಿ ಮರದ ತುಂಡುಗಳ ಮೇಲೆ ಉರುಳಿ ಅಲೆಗೆ ಬಿದ್ದಿತು. ಹುಟ್ಟು ಹಾಕುವವರು ಕಿರುಚುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಬಂದರು. ಅಷ್ಟರಲ್ಲಿ ರೊಟ್ಟಿಯಂಗಡಿಯವನು ಬಂದ, ಶಾಲೆಯ ಹುಡುಗರು ಬಂದರು, ನಮ್ಮ ಗಾಡಿ ಬಿಚ್ಚಿಟ್ಟಿದ್ದ ಮೆಕ್ಯಾನಿಕ್ಕನೂ ಎಣ್ಣೆಗೈಯಲ್ಲೇ ಓಡಿಬಂದ. ಮನೆಯೊಡತಿ ನಮ್ಮಿಬ್ಬರ ತೋಳು ಹಿಡಿದು ಹಗ್ಗದ ಸಾಲಿಗೆ ನೂಕಿದರು. ಯಾರೂ "ನೀವು ಯಾರು?" ಎಂದು ಕೇಳಲಿಲ್ಲ. ಹಿಂದಕ್ಕೆ ಹೆಜ್ಜೆಯಿಟ್ಟು ಎಳೆಯುವುದು, ದಿಬ್ಬದ ಬುಡ ಮುಟ್ಟಿದವರು ಮತ್ತೆ ನೀರಂಚಿಗೆ ಓಡಿ ಹಗ್ಗ ಹಿಡಿಯುವುದು. ಮುಕ್ಕಾಲು ಗಂಟೆಯಲ್ಲಿ ಬಲೆಯ ಹೊಟ್ಟೆ ಮರಳಿಗೆ ಬಂದಿತು. ಒಳಗೆ ಬೆಳ್ಳಿ ಕುದಿಯುವಂತೆ ಮೀನು. ಎಣಿಸಿದವರು ಸಾವಿರಕ್ಕೆ ಮಿಕ್ಕಿತು ಎಂದರು.

ಆಮೇಲೆ ಪಾಲು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹುಟ್ಟು ಹಾಕಿದವರಿಗೆ ಇಷ್ಟು, ಕಂಡು ಹೇಳಿದ ಮುದುಕನಿಗೆ ಇಷ್ಟು. ಹಗ್ಗ ಎಳೆದವರ ಕೈಗೂ ಮೀನು ಬಂದಿತು. ಬೊಬ್ಬೆಯೆದ್ದ ಕೈಯಲ್ಲಿ ಎರಡು ಮೀನು ಹಿಡಿದು ನಾವು ನಿಂತೆವು.

ನಮ್ಮ ಮನೆಯವರು ಅಲ್ಲಿಂದಲೇ ಮುಂಬಯಿಗೆ ಫೋನು ಮಾಡಿದರು. ಅಲ್ಲಿ ಬೆಳಗಿನ ಹತ್ತೂವರೆಯಾದರೆ ಇಲ್ಲಿ ಸಂಜೆ ಏಳು. ನಡೆದುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಫೋನನ್ನು ನಮ್ಮ ಕೈಗಿತ್ತರು. ಅವರ ಗಂಟಲು ಕಟ್ಟಿತ್ತು. ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಹಗ್ಗ ಹಿಡಿದವರಿಗೆಲ್ಲ ಪಾಲು ಕೊಟ್ಟರೇ ತಂಗೀ?" ಎಂದು ಕೇಳಿದರು.

"ಕೊಟ್ಟರು ಮಾವ. ನಮಗೂ ಕೊಟ್ಟರು."

"ಅಲ್ಲಿ ಪರ್ಸೀನ್ ಇಲ್ಲವೋ?"

ಅದನ್ನು ಊರವರಿಂದ ಕೇಳಿ ತಿಳಿದು ಮರುದಿನ ಹೇಳಿದೆವು. ಇದೆ, ದೊಡ್ಡ ದೋಣಿಗಳು ಅಲ್ಲಿಯೂ ಇವೆ. ಆದರೆ 2018ರಿಂದ ಅವು ಎಷ್ಟು ತಾಯಿಞ ಹಿಡಿಯಬಹುದೆಂಬುದಕ್ಕೆ ಸರಕಾರ ಮಿತಿ ಹಾಕಿತು. 2023ರಲ್ಲಂತೂ ಆ ದೊಡ್ಡ ಪರ್ಸೀನ್ ದೋಣಿಗಳ ಪಾಲು ಸೊನ್ನೆ. ದಡದಿಂದ ಎಳೆಯುವವರಿಗೆ ಆ ವರ್ಷ ಅಂಥ ಮಿತಿ ಇರಲಿಲ್ಲ. ಇದರ ಮೇಲೆ ಅಲ್ಲಿಯೂ ವ್ಯಾಜ್ಯ, ಕೂಗಾಟ ಉಂಟು. ದೋಣಿಯವರಿಗೂ ಹೊಟ್ಟೆಯಿದೆಯಷ್ಟೆ. ಮಾವನವರು ಎಲ್ಲವನ್ನೂ ಕೇಳಿ, "ಹಾಗಾದರೆ ಮಾಡಬಹುದಿತ್ತು" ಎಂದಷ್ಟೇ ಹೇಳಿ ಫೋನು ಇಟ್ಟರು.

ಬಿಡಿಭಾಗ ಜೂನ್ ಮೊದಲ ವಾರ ಬಂದಿತು. ಹತ್ತನೆಯ ತಾರೀಖು ಹೊರಟಾಗ ಮನೆಯೊಡತಿ ಲೇಸಿನ ತುಂಡನ್ನು ಕೈಗಿಟ್ಟರು, ಹಣ ಮುಟ್ಟಲಿಲ್ಲ. ದಿಬ್ಬದ ಮುದುಕ ನೀರಿನಿಂದ ಕಣ್ಣು ತೆಗೆಯದೆಯೇ ಕೈಯೆತ್ತಿದ. ಸಾಂತೊಸ್ ಬಂದರಿನಲ್ಲಿ ಗಾಡಿಯನ್ನು ಹಡಗಿಗೆ ಒಪ್ಪಿಸಿ, ಹಳದಿ ಜ್ವರದ ಚುಚ್ಚುಮದ್ದಿನ ಚೀಟಿಯನ್ನು ಜೋಪಾನವಾಗಿ ಹಿಡಿದು ಊರಿಗೆ ಮರಳಿದೆವು.

ಮನೆಗೆ ಬಂದ ರಾತ್ರಿ ಮಾವನವರು ಲೇಸನ್ನು ನೋಡಿ ಪಕ್ಕಕ್ಕಿಟ್ಟರು. ಮಗನ ಅಂಗೈಯನ್ನು ದೀಪದ ಕೆಳಗೆ ಹಿಡಿದು ಬೊಬ್ಬೆಯ ಗುರುತನ್ನು ಹೆಬ್ಬೆರಳಿನಿಂದ ಸವರಿದರು. "ಬೆರಳಲ್ಲಿ ಎಳೆದಿದ್ದೀಯ. ಹಗ್ಗವನ್ನು ಸೊಂಟಕ್ಕೆ ಕೊಟ್ಟು ಎಳೆಯಬೇಕು" ಎಂದರು. ಆಮೇಲೆ ಎದ್ದು, ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ತಂದು, ಒಂದು ತುದಿಯನ್ನು ಮೊಮ್ಮಗನ ಕೈಗೆ ಕೊಟ್ಟು, ಹೇಗೆಂದು ತೋರಿಸತೊಡಗಿದರು.