ಆಕೆಯ ಕೈಯಲ್ಲೇನಿದೆ?

ಮಾನವನ ಕಲ್ಪನೆಗೆ ಕಡಿವಾಣವಿಲ್ಲವೆಂದು ದೊಡ್ಡವರು ಹೇಳುತ್ತಾರೆ. ಹಕ್ಕಿಯ ರೆಕ್ಕೆಯನ್ನು ಕಂಡು ವಿಮಾನದ ಕನಸು ಕಂಡವನು ಅವನು. ಚಂದ್ರನ ಮೇಲೆ ಕಾಲಿಡುವ ಮೊದಲೇ ಚಿತ್ರಪಟದಲ್ಲಿ ಅಲ್ಲಿಗೆ ಹೋಗಿಬಂದವನೂ ಅವನೇ. ಆದರೆ ಹಳೆಯ ವೈಜ್ಞಾನಿಕ ಚಲಚ್ಚಿತ್ರಗಳನ್ನು ನೋಡುತ್ತ ಹೋದಂತೆ ನನಗೊಂದು ಸಂದೇಹ ಹುಟ್ಟಿತು. ಯಂತ್ರಗಳ ವಿಷಯದಲ್ಲಿ ನೂರು ವರ್ಷ ಮುಂದೆ ಓಡಿದ ಈ ಕಲ್ಪನೆ, ಹೆಂಗಸಿನ ವಿಷಯ ಬಂದೊಡನೆ ಹೊಸ್ತಿಲಲ್ಲೇ ಕುಳಿತುಬಿಟ್ಟಿತಲ್ಲ, ಏಕೆ?

ಇದು ಪಂಡಿತರ ವಿಮರ್ಶೆಯಲ್ಲವೆಂದು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಅಂತಿಮ ಬಿ.ಎ. ವಿದ್ಯಾರ್ಥಿನಿ, ಕೊಡ್ಲಿಯ ಒಕ್ಕಲುಮನೆಯವಳು, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿನವಳು. ರಜೆಯ ದಿನಗಳಲ್ಲಿ ಮೊಬೈಲಿನ ಪುಟ್ಟ ಪರದೆಯ ಮೇಲೆ ಈ ಚಿತ್ರಗಳನ್ನು ನೋಡಿದೆ. ಪಕ್ಕದಲ್ಲಿ ಬೇಳೆ ಹಸನು ಮಾಡುತ್ತ ಕುಳಿತ ನಮ್ಮ ಆಯಿ ಆಗಾಗ ಇಣುಕುತ್ತಿದ್ದಳು. ಒಂದು ದಿನ 1956ರ ಅಮೆರಿಕದ ಚಿತ್ರ ‘ಫರ್ಬಿಡನ್ ಪ್ಲಾನೆಟ್’ ನಡೆದಿತ್ತು. ಗಗನನೌಕೆಯ ತುಂಬ ಬಿಳಿಯ ಗಂಡಸರೇ. ದೂರದ ಗ್ರಹದಲ್ಲಿರುವ ಒಬ್ಬಳೇ ಹೆಣ್ಣು ವಿಜ್ಞಾನಿಯ ಮಗಳು. ಹೊಸ ಉಡುಪು ಬೇಕಾದರೆ ರಾಬಿ ಎಂಬ ಯಂತ್ರಮಾನವನನ್ನು ಕೇಳುತ್ತಾಳೆ. ಆಯಿ ಅಂದಳು: “ಅಲ್ಲ ಯವ್ವಾ, ಗಂಡಸರ ಕೈಯಾಗ ಏನರ ಒಂದು ಸಾಮಾನ ಅದ. ಈಕಿ ಕೈ ಯಾಕ ಖಾಲಿ ಅದ?”

ಕುಡಗೋಲೋ ಮರವೋ ಇಲ್ಲದ ಆಯಿಯ ಕೈಯನ್ನು ನಾನು ಕಂಡದ್ದೇ ಅಪರೂಪ. ಆಕೆಗೆ ಬರಿಗೈಯ ಹೆಂಗಸು ಆಶ್ಚರ್ಯವಾಗಿ ತೋರಿದ್ದರಲ್ಲಿ ಏನು ವಿಶೇಷ? ಅಂದಿನಿಂದ ಆ ಪ್ರಶ್ನೆಯೇ ನನಗೆ ಅಳತೆಗೋಲಾಯಿತು.

1927ರ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ ಅನ್ನು ತೆಗೆದುಕೊಳ್ಳೋಣ. ನೆಲದಡಿಯ ಕಾರ್ಮಿಕರ ಊರಿಗೆ ನೀರು ನುಗ್ಗಿದಾಗ ಜಾಗಟೆ ಬಾರಿಸಿ ಮಕ್ಕಳನ್ನು ಒಂದುಗೂಡಿಸುವವಳು ಮರಿಯಾ. ಆದರೆ ಅವಳ ರೂಪವನ್ನೇ ತೊಡಿಸಿದ ಯಂತ್ರನಾರಿ ಗಂಡಸರನ್ನು ಮರುಳುಗೊಳಿಸಿ, ಮಾಟಗಾತಿಯೆನ್ನಿಸಿಕೊಂಡು ಬೆಂಕಿಗೆ ಬೀಳುತ್ತಾಳೆ. ಆ ನಗರದ ವಿಲಾಸಗೃಹದ ಹೆಸರು ಯೋಷಿವಾರಾ, ಅಂದರೆ ಜಪಾನಿನ ಒಂದು ಕೇರಿಯ ಹೆಸರು. ಭೋಗಕ್ಕೆ ಪೂರ್ವದೇಶದ ಹೆಸರೇ ಬೇಕಾಯಿತು!

ಈ ಚಿತ್ರವನ್ನು ಬರೆದಾಕೆ ಥಿಯಾ ಫಾನ್ ಹಾರ್ಬೋ, ನಿರ್ದೇಶಕ ಫ್ರಿಟ್ಸ್ ಲಾಂಗನ ಅಂದಿನ ಪತ್ನಿ. 1929ರಲ್ಲಿ ಬಂದ ‘ವುಮನ್ ಇನ್ ದಿ ಮೂನ್’ ಕೂಡ ಆಕೆಯ ಕಥೆಯೇ. ಅದರಲ್ಲಿ ಖಗೋಳಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಚಂದ್ರಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಅವಳ ಕೈಯಲ್ಲಿ ಚಿತ್ರ ತೆಗೆಯುವ ಕ್ಯಾಮೆರಾ ಇದೆ! ಈ ಲೇಖಕಿ ಮುಂದೆ ಬೆಳಗಾವಿ ಸೀಮೆಯ ಪತ್ರಕರ್ತ ಎ. ಜಿ. ತೆಂಡುಲ್ಕರರನ್ನು ಗುಟ್ಟಾಗಿ ಮದುವೆಯಾದಳೆಂದು ಓದಿದಾಗ ಬರ್ಲಿನ್ ನನಗೆ ಹತ್ತಿರವಾದಂತೆನಿಸಿತು. ಅದೇ ಆಕೆ ನಾಜಿ ಪಕ್ಷವನ್ನೂ ಸೇರಿದಳು. ಅದನ್ನು ಮುಚ್ಚಿಡುವಂತಿಲ್ಲ.

ನಮ್ಮ ದೇಶದ ನೆಲದಲ್ಲೇ ತೆಗೆದ ಚಿತ್ರದಲ್ಲಿ ನಾವು ಎಲ್ಲಿದ್ದೇವೆ? 1952ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್ ಸಂಸ್ಥೆ ಅಮೆರಿಕದವರ ಜೊತೆಗೂಡಿ ‘ದಿ ಜಂಗಲ್’ ಎಂಬ ಚಿತ್ರವನ್ನು ತಯಾರಿಸಿತು. ತಮಿಳಿನಲ್ಲಿ ಅದು ‘ಕಾಡು’. ಅಳಿದುಹೋದ ಮಹಾಗಜಗಳು ಮತ್ತೆ ಕಾಣಿಸಿಕೊಳ್ಳುವ ಕಥೆ. ಕಾಡು ನಮ್ಮದು, ಆನೆಗಳು ನಮ್ಮವು. ಭಾರತದ ರಾಜಕುಮಾರಿಯಾದವಳು ಮಾತ್ರ ಅಮೆರಿಕದ ನಟಿ ಮೇರಿ ವಿಂಡ್ಸರ್! ಇದನ್ನು ನಮ್ಮ ತರಗತಿಯ ಲಂಬಾಣಿ ಗೆಳತಿಗೆ ಹೇಳಿದೆ. ಅವಳು ನಕ್ಕು, “ನಮಗೇನು ಹೊಸಾದಲ್ಲ ಬಿಡು. ಸಿನೆಮಾದವರಿಗಿ ನಮ್ಮ ಫೇಟಿಯಾ ಬೇಕು, ನಾವು ಬೇಕಾಗಲ್ಲ,” ಎಂದಳು. ತಾಂಡಾದ ಹೆಣ್ಣನ್ನು ಕುಣಿತಕ್ಕೆ ಕರೆದ ಚಿತ್ರಗಳನ್ನು ನಾನು ಕಂಡಿದ್ದೇನೆ; ಪ್ರಯೋಗಶಾಲೆಯಲ್ಲಿ ನಿಲ್ಲಿಸಿದ ಒಂದನ್ನೂ ಕಂಡಿಲ್ಲ.

1963ರ ತಮಿಳು ಚಿತ್ರ ‘ಕಲೈ ಅರಸಿ’ಯಲ್ಲಿ ಕಲೆಯಿಲ್ಲದ ಗ್ರಹದವರು ಸಂಗೀತ ಕಲಿಸಲೆಂದು ಗಾಯಕಿಯೊಬ್ಬಳನ್ನು ಹೊತ್ತೊಯ್ಯುತ್ತಾರೆ. ಆಕೆಗೆ ವಿದ್ಯೆಯಿದೆ, ನೌಕೆಯ ಚುಕ್ಕಾಣಿ ಪರರದು. ಆ ಪಾತ್ರ ವಹಿಸಿದ ಭಾನುಮತಿಯವರೋ, ಹತ್ತು ವರ್ಷ ಹಿಂದೆಯೇ, 1953ರಲ್ಲಿ, ‘ಚಂಡೀರಾಣಿ’ಯನ್ನು ಮೂರು ಭಾಷೆಗಳಲ್ಲಿ ನಿರ್ದೇಶಿಸಿದ್ದವರು. ಅದೇ 1963ರ ಜೂನಿನಲ್ಲಿ ಬಟ್ಟೆಗಿರಣಿಯಲ್ಲಿ ದುಡಿದಿದ್ದ ವಲೆಂಟೀನಾ ತೆರೆಷ್ಕೋವಾ ಒಬ್ಬಳೇ ವೋಸ್ತೊಕ್-6ರಲ್ಲಿ ಕುಳಿತು ಭೂಮಿಯನ್ನು 48 ಸಲ ಸುತ್ತಿಬಂದಳು. ಚಿತ್ರಪಟಕ್ಕಿಂತ ಗಿರಣಿಯ ಹುಡುಗಿಯೇ ಮುಂದಿದ್ದಳು. ನಮ್ಮ ಕನ್ನಡದ ‘ಜೇಡರ ಬಲೆ’ಯಲ್ಲಿ (1968) ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದವನೂ ಗಂಡಸು, ಪತ್ತೇದಾರನೂ ಗಂಡಸು. ಆದರೆ 2019ರಲ್ಲಿ ಚಂದ್ರಯಾನ-2 ಹೊರಟಾಗ ಅದರ ಯೋಜನಾ ನಿರ್ದೇಶಕಿ ಎಂ. ವನಿತಾ, ಕಾರ್ಯಾಚರಣೆಯ ನಿರ್ದೇಶಕಿ ರಿತು ಕರಿಧಾಲ್. ಇದು ಕಥೆಯಲ್ಲ, ಬೆಂಗಳೂರಿನಲ್ಲಿ ನಡೆದ ಕೆಲಸ.

ಹಳೆಯ ಚಿತ್ರಗಳ ಮಾತು ಈಗೇಕೆಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಈಗ, “ಬಿ.ಎ. ಆಯ್ತಲ್ಲ, ಇನ್ನ ಸಾಕು,” ಎಂಬ ಮಾತು ನಡೆದಿದೆ. ಬಂಧುಗಳು ವರನ ಹೆಸರು ತರುತ್ತಿದ್ದಾರೆ. ಕಲಬುರಗಿಯಲ್ಲಿ ಎಂ.ಎ. ಓದಬೇಕೆಂಬುದು ನನ್ನ ಆಸೆ. ಅಪ್ಪ ಹೂಂ ಎಂದಿಲ್ಲ, ಬೇಡವೆಂದೂ ಅಂದಿಲ್ಲ. ಅವರು ಕೆಟ್ಟವರಲ್ಲ. ಓದಿದ ಹೆಣ್ಣು ಮುಂದೇನಾಗುತ್ತಾಳೆಂಬುದರ ಚಿತ್ರವನ್ನು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೆ. ಕಾಣದ್ದನ್ನು ಬಯಸುವುದು ಯಾರಿಗೂ ಸುಲಭವಲ್ಲ. ಆದ್ದರಿಂದಲೇ ಚಿತ್ರಪಟದ ಸುಳ್ಳುಕಥೆಯೂ ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ.

ಸಹೋದರ ಸಹೋದರಿಯರೇ, ನಾಳೆ ನಿಮ್ಮಲ್ಲೇ ಕಥೆ ಬರೆಯುವವರು, ಚಿತ್ರ ತೆಗೆಯುವವರು ಮೂಡಿಬರಬಹುದು. ಆಗ ನಮ್ಮ ಸೀಮೆಯ ಹುಡುಗಿಯೊಬ್ಬಳನ್ನು, ಊರಿನವಳಾಗಲಿ ತಾಂಡಾದವಳಾಗಲಿ, ನಿಮ್ಮ ಗಗನನೌಕೆಗೆ ಹತ್ತಿಸಿಕೊಳ್ಳಿರಿ. ಹತ್ತಿಸುವಾಗ ಅವಳ ಕೈಗೊಂದು ಕೆಲಸವನ್ನೂ ಕೊಡಿರಿ.