ನಂದಿಯ ತಪ್ಪಲಲ್ಲಿ ಮಣ್ಣಿನ ಪಾಠ

ನಂದಿ ಎಂದೊಡನೆ ಎಲ್ಲರ ಕಣ್ಣೂ 1478 ಮೀಟರ್ ಎತ್ತರದ ಬೆಟ್ಟದ ತುದಿಗೆ ಹೋಗುತ್ತದೆ. ಮಂಜು ನೋಡಿ ಕೆಳಗಿಳಿದರೆ ಪ್ರವಾಸ ಮುಗಿಯಿತು. ಈ ಸಲ ಹೋದಾಗ ತಪ್ಪಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿಗೆ ಕೈಮುಗಿದು, ಮಕ್ಕಳೊಡನೆ ಊರಾಚೆ ಸ್ವಲ್ಪ ದೂರ ನಡೆಯಿರಿ. ಕೆಂಪು ನೆಲದಲ್ಲಿ ಒಂದು ಕಡೆ ರಾಗಿ, ಇನ್ನೊಂದು ಕಡೆ ದ್ರಾಕ್ಷಿ ಚಪ್ಪರ, ಅದರಾಚೆ ಹಿಪ್ಪುನೇರಳೆ.

ಈ ಮಣ್ಣು ಹುಟ್ಟಿದ್ದು ಇಲ್ಲಿನ ಬಂಡೆಗಳಿಂದಲೇ. ಬಿಸಿಲು ಮಳೆಗೆ ಕಲ್ಲು ಸವೆದು ಪುಡಿಯಾಯಿತು. ಅದರೊಳಗಿನ ಕಬ್ಬಿಣದ ಅಂಶ ತುಕ್ಕಿನಂತಾಗಿ ಬಣ್ಣ ಕೆಂಪಾಯಿತು. ನೋಟಕ್ಕೆ ಎಲ್ಲವೂ ಒಂದೇ ಕೆಂಪು. ಆದರೆ ದಿಣ್ಣೆಯ ಹೊಲದ ಸತ್ವ ಮಳೆಗೆ ಕೊಚ್ಚಿಹೋಗಿ ತಗ್ಗಿನ ಹೊಲ ಸೇರಿರಬಹುದು. ತರಕಾರಿ ಬೆಳೆದ ನೆಲದಲ್ಲಿ ಹಳೆಯ ಗೊಬ್ಬರ ಉಳಿದಿರಬಹುದು. ಹೀಗಿದ್ದೂ ‘ಪಕ್ಕದವರು ಎರಡು ಮೂಟೆ ಹಾಕಿದರು, ನಾವೂ ಹಾಕೋಣ’ ಎಂಬುದೇ ಹಲವರ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ? ಯೂರಿಯಾದ 45 ಕಿಲೋ ಮೂಟೆಯಲ್ಲಿ ಸಾರಜನಕ ಶೇಕಡಾ 46, ಅಂದರೆ 20.7 ಕಿಲೋ. ಗಂಧಕ, ಸತು, ಬೋರಾನ್ ಒಂದು ಗುಂಜಿಯೂ ಇಲ್ಲ. 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಖುಷ್ಕಿ ಜಮೀನುಗಳಿಗೆ ವ್ಯಾಪಕವಾಗಿ ಕೊರತೆಯಾಗಿದ್ದುದು ಈ ಮೂರೇ. ಎರಡು ಮುದ್ದೆಗಾಗುವಷ್ಟು ಹಿಟ್ಟಿರುವಾಗ ಎಸರು ಹೆಚ್ಚಿಟ್ಟರೆ ನಾಲ್ಕು ಮುದ್ದೆಯಾಗುತ್ತದೆಯೇ? ಪೈರೂ ಹಾಗೆಯೇ. ಯಾವುದು ಎಲ್ಲಕ್ಕಿಂತ ಕಡಿಮೆಯಿದೆಯೋ ಅದೇ ಇಳುವರಿಯನ್ನು ತಡೆದು ನಿಲ್ಲಿಸುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಪ್ರಚಾರಕ್ಕೆ ತಂದ ನಿಯಮ ಇದು.

ಹೆಚ್ಚಾದ ಸಾರಜನಕ ಸುಮ್ಮನಿರುವುದಿಲ್ಲ. ನೈಟ್ರೇಟ್ ಆಗಿ ನೀರಿನೊಡನೆ ಇಳಿದು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಮೀರಿದರೆ ಹಸುಳೆಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಸಾಲದ ದುಡ್ಡಿನಲ್ಲಿ ತಂದ ಗೊಬ್ಬರ ಮನೆಯ ಮಗುವಿನ ಲೋಟಕ್ಕೆ ಬರಬೇಕೆ?

ಮಣ್ಣಿನ ಮಾದರಿ ತೆಗೆಯುವುದು ಕಷ್ಟವಲ್ಲ. ಗೊಬ್ಬರ ಹಾಕುವ ಮೊದಲೇ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ. ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ ಹರಡಿ. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತೆಗೆದುಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ನೆರಳಲ್ಲಿ ಒಣಗಿಸಿ, ಹೆಸರು, ಸರ್ವೆ ನಂಬರ್ ಬರೆದ ಬಟ್ಟೆಚೀಲಕ್ಕೆ ತುಂಬಿ. ಆಳಕ್ಕೆ ಬೇರು ಬಿಡುವ ದ್ರಾಕ್ಷಿಗೆ ಇನ್ನೂ ಕೆಳಗಿನ ಪದರಗಳ ಮಣ್ಣೂ ಬೇಕು. ಎಲ್ಲಿಗೆ ಒಯ್ಯಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಬಹುದು.

2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ರಸಸಾರ 7ರ ಆಸುಪಾಸಿನಲ್ಲಿದೆಯೇ? ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆಯಿದೆಯೇ? ಕಡಿಮೆಯಿದ್ದರೆ ಮೊದಲು ಬೇಕಾದದ್ದು ಕೊಟ್ಟಿಗೆ ಗೊಬ್ಬರ. ಇವೆಲ್ಲ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಓದುವ ಮಾತುಗಳೇ. ಚೀಟಿ ಕ್ಯಾಲೆಂಡರಿನ ಹಿಂದೆ ಧೂಳು ಹಿಡಿಯುವುದು ಬೇಡ. ಮುಂಗಾರಿಗೆ ಮುಂಚೆ ಅಪ್ಪನನ್ನೂ ತಾತನನ್ನೂ ಕೂರಿಸಿಕೊಂಡು ಮಕ್ಕಳೇ ಅದನ್ನು ಓದಿ ಹೇಳಲಿ.